ಮೀರತ್ ಸ್ಲೈಡ್ ಟ್ರಾಂಬೋನ್: ಕಿಡ್ ಓರಿ ಧಾಟಿಗೆ ಆಗುತ್ತದೆಯೇ?

ಮದುವೆ ಬ್ಯಾಂಡಿಗೆ ವಾಲ್ವ್ ಟ್ರಾಂಬೋನ್ (ಗುಂಡಿ ಒತ್ತಿ ಸ್ವರ ಬದಲಿಸುವ ಹಿತ್ತಾಳೆ ವಾದ್ಯ) ಧಾರಾಳ ಸಾಕು. ಟ್ರಂಪೆಟ್ ಬಲ್ಲವರಿಗೆ ಬೇಗ ಕೈ ಹತ್ತುತ್ತದೆ. ಆದರೆ ಅಮೆರಿಕದ ಜಾಝ್ ಟ್ರಾಂಬೋನ್ ವಾದಕ ಕಿಡ್ ಓರಿಯವರ ಧಾಟಿ ಬೇಕೆಂದರೆ, ಕೊಳವೆಯನ್ನು ಹಿಂದೆ ಮುಂದೆ ಜಾರಿಸಿ ನುಡಿಸುವ ಸ್ಲೈಡೇ ಬೇಕು. 1886ರಲ್ಲಿ ಲೂಸಿಯಾನಾದಲ್ಲಿ ಹುಟ್ಟಿದ ಓರಿ ಬಾಂಜೊದಿಂದ ಶುರು ಮಾಡಿ, ವಾಲ್ವ್ ಟ್ರಾಂಬೋನ್ ನುಡಿಸಿ, ಆಮೇಲೆ ಸ್ಲೈಡಿಗೆ ಬಂದವರು. 1925ರಲ್ಲಿ ಷಿಕಾಗೋದಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಹಾಟ್ ಫೈವ್ ತಂಡದ ಜೊತೆ ಮಾಡಿದ ಧ್ವನಿಮುದ್ರಣಗಳನ್ನು ಕೇಳಿ: ಆರ್ಮ್‌ಸ್ಟ್ರಾಂಗ್ ಅವರ ಕಾರ್ನೆಟ್ (ಗಿಡ್ಡ ಟ್ರಂಪೆಟ್) ಉಸಿರೆಳೆಯುವ ಸಂದಿಯಲ್ಲಿ ಓರಿ ಕೆಳಗಿನಿಂದ ಜಾರುತ್ತ ಬಂದು ಮುಂದಿನ ಪೆಟ್ಟಿನ ಮೇಲೆ ಸರಿಯಾಗಿ ಕೂರುತ್ತಾರೆ. ಸ್ಲೈಡ್ ಪೂರ್ತಿ ಚಾಚಿದ ಏಳನೇ ಸ್ಥಾನದಿಂದ ಪೂರ್ತಿ ಒಳಗೆಳೆದ ಒಂದನೆಯದಕ್ಕೆ ಆರು ಅರ್ಧಸ್ವರ, ನಡುವೆ ಎಲ್ಲೂ ಕಡಿಯದ ಜಾರು. ವಾಲ್ವಿನಲ್ಲಿ ಇದು ಬರುವುದಿಲ್ಲ.

ಬೆಳಗಾವಿಯಲ್ಲಿ ಕೊಳ್ಳುವವರಿಗೆ ಕೈಗೆಟಕುವುದು ಮೀರತ್‌ನ ಬಿ-ಫ್ಲ್ಯಾಟ್ ಶ್ರುತಿಯ ಟೆನರ್ ಸ್ಲೈಡ್ ಟ್ರಾಂಬೋನ್. ಬೆಲ್ಲಿನ (ಅಗಲ ಬಾಯಿಯ) ನಾದ ಗಟ್ಟಿ, ಬಯಲಿಗೆ ಚೆನ್ನ. ಕೈಕೊಡುವುದು ಸ್ಲೈಡ್. ಒಂದೇ ಮಾದರಿಯ ಎರಡು ವಾದ್ಯಗಳೂ ಒಂದೇ ತರಹ ಇರುವುದಿಲ್ಲ, ಆದ್ದರಿಂದ ಅಂಗಡಿಯಲ್ಲೇ ಬಿಚ್ಚಿಸಿ ನೋಡಿ.

ಹೊರಗೊಳವೆಯನ್ನು ಒಂದೊಂದೇ ಒಳಗೊಳವೆಗೆ ಹಾಕಿ ಜಾರಿಸಿ. ಬಿಡಿಬಿಡಿಯಾಗಿ ಸಲೀಸಾಗಿದ್ದು ಜೋಡಿಸಿದಾಗ ಬಿಗಿದರೆ ಎರಡು ಕೊಳವೆ ಸಮಾಂತರವಾಗಿಲ್ಲ ಎಂದರ್ಥ. ಇದು ಎಣ್ಣೆಯಿಂದ ಸರಿಹೋಗುವುದಿಲ್ಲ, ಕೊಳ್ಳಬೇಡಿ. ಒಳಗೊಳವೆಯ ತುದಿಯ ನಾಲ್ಕೈದು ಇಂಚು ತುಸು ದಪ್ಪ ಇರುತ್ತದೆ, ತಿಕ್ಕಾಟವೆಲ್ಲ ಅಲ್ಲೇ. ಅಲ್ಲಿ ಉಗುರಾಡಿಸಿ. ಕ್ರೋಮ್ ಲೇಪ ಎದ್ದಿದ್ದರೆ ಅದು ಹೊರಗೊಳವೆಯನ್ನು ಒಳಗಿನಿಂದ ಗೀರುತ್ತದೆ. ಆಮೇಲೆ ಸ್ಲೈಡ್ ಜೋಡಿಸಿ, ಒಂದು ಬಾಯಿ ಹೆಬ್ಬೆರಳಿನಿಂದ ಮುಚ್ಚಿ, ಇನ್ನೊಂದರಿಂದ ಊದಿ. ಗಾಳಿ ಸೋರಿದರೆ ಮೊದಲು ನೀರು ಬಿಡುವ ಕೀಲಿಯ ಬಿರಡೆ ನೋಡಿ, ಬದಲಿಸುವುದು ಸುಲಭ. ಮೌತ್‌ಪೀಸ್ ಸಣ್ಣ ಶ್ಯಾಂಕಿನದೇ (ವಾದ್ಯದೊಳಗೆ ಕೂರುವ ಬುಡ ಸಣ್ಣದಿರುವುದೇ) ಆಗಿರಲಿ. ಅಲುಗಾಡುವ ಮೌತ್‌ಪೀಸಿನಿಂದ ಶ್ರುತಿ ನಿಲ್ಲುವುದಿಲ್ಲ.

ಇಷ್ಟೂ ಪರೀಕ್ಷೆಯಲ್ಲಿ ಪಾಸಾದ ವಾದ್ಯ ಕೊಟ್ಟ ಹಣಕ್ಕೆ ಮೋಸವಿಲ್ಲ. ಅಂಗಡಿಯ ಒಂದು ವಾದ್ಯವೂ ಪಾಸಾಗದಿದ್ದರೆ ಯಮಹಾದ ವೈಎಸ್ಎಲ್-354 ಸ್ಲೈಡ್ ಟ್ರಾಂಬೋನ್ ಹಳೆಯದು ಸಿಕ್ಕರೂ ಮೇಲು.

ಬಳಸುವಾಗ ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಎರಡೂ ಬೇಡ. ದಪ್ಪ ತುದಿಗೆ ಅಕ್ಕಿಕಾಳಿನಷ್ಟು ಸ್ಲೈಡ್ ಕ್ರೀಮ್, ಮೇಲೆ ನೀರಿನ ಸ್ಪ್ರೇ, ಅಷ್ಟೇ. ಮೆರವಣಿಗೆಯಲ್ಲಿ ಟ್ರಾಂಬೋನಿನವರನ್ನು ಮುಂದಿನ ಸಾಲಿನಲ್ಲೇ ನಿಲ್ಲಿಸಿ. ಸ್ಲೈಡ್ ಸುಮಾರು 60 ಸೆಂ.ಮೀ. ಮುಂದೆ ಚಾಚುತ್ತದೆ, ಎದುರಿನವರ ಬೆನ್ನಿಗೆ ತಗುಲಿದರೆ ತುದಿ ನಗ್ಗುತ್ತದೆ. ಗಣಪತಿ ವಿಸರ್ಜನೆಯಲ್ಲಿ ಗುಲಾಲು ಹಾರುವಾಗ ಸ್ಲೈಡ್ ಪೂರ್ತಿ ಚಾಚಿ ಹಿಡಿದು ನಿಲ್ಲಬೇಡಿ. ಒಳಗೊಳವೆಗೆ ಅಂಟಿದ ಪುಡಿ ಕ್ರೀಮಿನ ಜೊತೆ ಸೇರಿ ಉಜ್ಜುಪುಡಿಯಂತೆ ಲೋಹ ತಿನ್ನುತ್ತದೆ. ಮೆರವಣಿಗೆ ಮುಗಿದ ರಾತ್ರಿಯೇ ಎರಡೂ ಕೊಳವೆ ಬಿಚ್ಚಿ, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಬಟ್ಟೆ ಸುತ್ತಿದ ಕಡ್ಡಿಯಿಂದ ಒಳಗೂ ಒರೆಸಿಡಿ.