1200 ಲ್ಯೂಮೆನ್ ಟಾರ್ಚು, ಎರಡು ವರ್ಷದ ಬಳಕೆಯ ನಂತರ: ಬೆಳಕು ಚೆನ್ನಾಗಿದೆ, ಡಬ್ಬಿ ಅರ್ಧ ಹೇಳುತ್ತದೆ

ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಎರಡು ಅಂಕಿ ಇವೆ: 1200 ಲ್ಯೂಮೆನ್, 3 ಗಂಟೆ 10 ನಿಮಿಷ. ಲ್ಯೂಮೆನ್ ಅಂದರೆ ಟಾರ್ಚು ಹೊರಸೂಸುವ ಒಟ್ಟು ಬೆಳಕಿನ ಅಳತೆ. ಕೊಳ್ಳುವವರು ಎರಡನ್ನೂ ಜೋಡಿಸಿಕೊಂಡು, ಮೂರು ಗಂಟೆಯೂ 1200 ಲ್ಯೂಮೆನ್ ಸಿಗುತ್ತದೆ ಅಂತಲೇ ಓದುತ್ತಾರೆ. ನಿಜಕ್ಕೂ ಸಿಗುವುದು ಎರಡೂವರೆ ನಿಮಿಷ. ಆಮೇಲೆ ಬೆಳಕು ಮೂರನೇ ಒಂದಕ್ಕೆ, ಅಂದರೆ ಸುಮಾರು 400 ಲ್ಯೂಮೆನ್‌ಗೆ ಇಳಿದು, ಎರಡೂ ಮುಕ್ಕಾಲು ಗಂಟೆ ಅಲ್ಲೇ ನಿಂತು, ಕೊನೆಯಲ್ಲಿ ಸರ್ರನೆ ಜಾರುತ್ತದೆ. ತಮಾಷೆಯೆಂದರೆ ಡಬ್ಬಿಯಲ್ಲಿ ಇರುವುದು ಸುಳ್ಳೂ ಅಲ್ಲ.

ಟಾರ್ಚುಗಳ ಅಳತೆಗೆ 2009ರಿಂದ ಎಎನ್‌ಎಸ್‌ಐ ಎಫ್‌ಎಲ್ 1 ಅನ್ನುವ ಅಮೆರಿಕದ ಮಾನದಂಡ ಇದೆ. ಅದರ ಪ್ರಕಾರ ಲ್ಯೂಮೆನ್ ಅಳೆಯುವುದು ಟಾರ್ಚು ಹಚ್ಚಿದ 30 ಸೆಕೆಂಡಿನಿಂದ 2 ನಿಮಿಷದ ಒಳಗೆ. ‘ಬಾಳಿಕೆಯ ಸಮಯ’ ಮುಗಿಯುವುದು ಬೆಳಕು ಆರಂಭದ ಮಟ್ಟದ ಶೇ. 10ಕ್ಕೆ ಬಿದ್ದಾಗ. 1200ರ ಶೇ. 10 ಅಂದರೆ 120. ನಡುವೆ ಬೆಳಕು ಎಷ್ಟಿತ್ತು ಅನ್ನುವ ಪ್ರಶ್ನೆಯನ್ನೇ ಆ ಎರಡು ಅಂಕಿಗಳು ಎತ್ತುವುದಿಲ್ಲ. ಹಾಗಾಗಿ ಮೂರು ನಿಮಿಷ ಝಗಮಗಿಸಿ ಮೂರು ಗಂಟೆ ಮಂಕಾಗಿ ಉರಿಯುವ ಟಾರ್ಚೂ ಮಾನದಂಡದಲ್ಲಿ ಪಾಸು.

ಕೊಳ್ಳುವ ಮೊದಲೇ ಇದನ್ನು ಹಿಡಿಯಲು ಒಂದು ಗುಣಾಕಾರ ಸಾಕು. ಇದರೊಳಗೆ ಇರುವುದು 18650 ಅನ್ನುವ ಸೈಜಿನ ಲಿಥಿಯಂ ಸೆಲ್, 3500 ಎಂಎಎಚ್ (ಮಿಲಿ ಆಂಪಿಯರ್-ಗಂಟೆ). 3.5 ಆಂಪಿಯರ್-ಗಂಟೆಯನ್ನು 3.6 ವೋಲ್ಟ್‌ನಿಂದ ಗುಣಿಸಿದರೆ 12.6 ವಾಟ್-ಗಂಟೆ. ಎಲ್‌ಇಡಿ, ಸರ್ಕ್ಯೂಟು, ಲೆನ್ಸಿನ ನಷ್ಟ ಎಲ್ಲ ಸೇರಿಸಿ ಒಂದು ವಾಟ್‌ಗೆ ಸುಮಾರು 100 ಲ್ಯೂಮೆನ್ ಅಂತ ಇಟ್ಟುಕೊಳ್ಳಿ. 1200 ಲ್ಯೂಮೆನ್‌ಗೆ 12 ವಾಟ್ ಬೇಕು, ಸೆಲ್ ಒಂದು ಗಂಟೆಯಲ್ಲಿ ಖಾಲಿ. ಮೂರು ಗಂಟೆಗೆ 36 ವಾಟ್-ಗಂಟೆ ಎಲ್ಲಿಂದ ಬರಬೇಕು? ಲೆಕ್ಕ ತಾಳೆಯಾಗದಿದ್ದರೆ ನಡುವೆ ಎಲ್ಲೋ ಬೆಳಕು ಇಳಿದಿದೆ ಅಂತಲೇ ಅರ್ಥ. ಇದೇ ಸೈಜಿನ ಸೆಲ್ ಮೇಲೆ 9900 ಎಂಎಎಚ್ ಅಂತ ಬರೆದಿದ್ದರೆ ಲೆಕ್ಕವೂ ಬೇಡ, ತಕ್ಕಡಿಗೆ ಹಾಕಿ: ಒಳ್ಳೆಯ 18650 ಸೆಲ್ 45 ಗ್ರಾಮಿನ ಮೇಲೆ ತೂಗುತ್ತದೆ. 30 ಗ್ರಾಮ್ ತೂಗುವುದರಲ್ಲಿ ಆ ಚಾರ್ಜ್ ಹಿಡಿಯುವಷ್ಟು ಸರಕೇ ಇರುವುದಿಲ್ಲ.

ಬೆಳಕು ಇಳಿಯುವುದನ್ನು ಮನೆಯಲ್ಲೇ ಅಳೆಯಬಹುದು. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಬುಡದ ಮೇಲೆ ನಿಲ್ಲಿಸಿ, ಬೆಳಕು ಸೂರಿಗೆ ಬಡಿಯಲಿ. ಪಕ್ಕದಲ್ಲಿ ಫೋನ್ ಇಟ್ಟು ಲಕ್ಸ್ (ಒಂದು ಜಾಗದ ಮೇಲೆ ಬೀಳುವ ಬೆಳಕು) ಅಳೆಯುವ ಆ್ಯಪ್ ತೆರೆಯಿರಿ; ಫೋನಿನ ಸೆನ್ಸರ್ ಮೇಲೆ ಟಾರ್ಚಿನ ನೇರ ಬೆಳಕು ಬೀಳಬಾರದು. ಬರುವ ಅಂಕಿ ಎಷ್ಟೇ ಇರಲಿ, ಅದು ಲ್ಯೂಮೆನ್ ಅಲ್ಲ, ನೋಡಬೇಕಾದ್ದು ಅನುಪಾತ. 30ನೇ ಸೆಕೆಂಡಿನಲ್ಲಿ 90 ಇದ್ದದ್ದು 30ಕ್ಕೆ ಬಂದರೆ ಬೆಳಕು ಮೂರನೇ ಒಂದಾಗಿದೆ. ಟಾರ್ಚನ್ನಾಗಲಿ ಫೋನನ್ನಾಗಲಿ ನಡುವೆ ಒಂದಿಂಚೂ ಸರಿಸಬೇಡಿ. ಫ್ಯಾನ್ ಆರಿಸಿರಿ, ಗಾಳಿ ತಾಗಿದರೆ ಟರ್ಬೊ, ಅಂದರೆ 1200ರ ಬೆಳಕು, ಹೆಚ್ಚು ಹೊತ್ತು ನಿಂತು ಲೆಕ್ಕ ಕೆಡುತ್ತದೆ.

ಯಾಕೆಂದರೆ ಇಳಿಸುವುದು ಬ್ಯಾಟರಿಯಲ್ಲ, ಬಿಸಿ. ಈ ಟಾರ್ಚಿನಲ್ಲಿ ಒಳಗಿನ ಶಾಖ ನೋಡಿ ಬೆಳಕು ತಗ್ಗಿಸುವ ಸರ್ಕ್ಯೂಟ್ ಇದೆ. ಕೈಯಲ್ಲಿ ಹಿಡಿದು ತಂಪು ಗಾಳಿಯಲ್ಲಿ ನಡೆದರೆ ಟರ್ಬೊ ನಾಲ್ಕು ನಿಮಿಷ ಬರುತ್ತದೆ, ಮೇಜಿನ ಮೇಲೆ ಬಿಟ್ಟರೆ ಎರಡೂವರೆ. ಅಗ್ಗದವು ಬರೀ ಟೈಮರ್ ಇಟ್ಟುಕೊಂಡಿರುತ್ತವೆ. ವ್ಯತ್ಯಾಸ ತಿಳಿಯಲು, ಬೆಳಕು ಇಳಿದ ತಕ್ಷಣ ಮತ್ತೆ ಟರ್ಬೊ ಒತ್ತಿ: ಟೈಮರಿನದು ಪ್ರತಿ ಸಲವೂ ಪೂರ್ತಿ ಅವಧಿ ಉರಿದು ಕೈ ಸುಡುತ್ತದೆ, ಶಾಖ ನೋಡುವುದು ಕೆಲವೇ ಸೆಕೆಂಡಿನಲ್ಲಿ ಮತ್ತೆ ಇಳಿಯುತ್ತದೆ.

ಬೆಳಕಿನ ಮಟ್ಟಗಳು, ಅಂದರೆ ಮೋಡ್‌ಗಳು ಐದು: 1, 15, 120, 400, 1200 ಲ್ಯೂಮೆನ್. ಈ ಹಂಚಿಕೆಗೆ ಪೂರ್ತಿ ಅಂಕ. ಕಣ್ಣಿಗೆ ಬೆಳಕು ಇಮ್ಮಡಿಯಾಗಿ ಕಾಣಬೇಕಾದರೆ ಲ್ಯೂಮೆನ್ ಹತ್ತಿರ ಹತ್ತಿರ ನಾಲ್ಕು ಪಟ್ಟಾಗಬೇಕು. 800 ಮತ್ತು 1200 ಅಂತ ಎರಡು ಮೋಡ್ ಕೊಟ್ಟರೆ ಅವುಗಳ ನಡುವಿನ ವ್ಯತ್ಯಾಸ ಕಣ್ಣಿಗೆ ಹತ್ತುವುದೇ ಕಷ್ಟ. ಕರೆಂಟ್ ಹೋದಾಗ 15ನ್ನು ಸೂರಿಗೆ ಬಿಟ್ಟರೆ ಕೋಣೆಯಲ್ಲಿ ಓಡಾಡಬಹುದು. ನಡಿಗೆಗೆ 120 ಧಾರಾಳ ಸಾಕು, ಹೊಸತರಲ್ಲಿ ಹತ್ತೂವರೆ ಗಂಟೆ ಬರುತ್ತಿತ್ತು, ಸೆಲ್ ಹಳತಾದ ಮೇಲೆ ಈಗ ಒಂಬತ್ತು. ನಿಜವಾಗಿ ದುಡಿಯುವುದು ಈ ಮೋಡ್. ಡಬ್ಬಿಯಲ್ಲಿ ಇದರ ಅಂಕಿ ಹುಡುಕಲು ಭೂತಗನ್ನಡಿ ಬೇಕು. ಸ್ಟ್ರೋಬ್, ಅಂದರೆ ಪಟಪಟ ಮಿನುಗುವ ಬೆಳಕು, ಎರಡು ಸಲ ಒತ್ತಿದರೆ ಮಾತ್ರ ಬರುತ್ತದೆ, ಮೋಡ್‌ಗಳ ಸಾಲಿನಲ್ಲಿ ಇಲ್ಲ. ಪುಣ್ಯ.

190 ಮೀಟರ್ ದೂರ ಅಂತಲೂ ಬರೆದಿದ್ದಾರೆ. ಇದು ಕ್ಯಾಂಡೆಲಾದ, ಅಂದರೆ ಕಿರಣದ ತೀವ್ರತೆಯ ಅಳತೆಯ, ವರ್ಗಮೂಲದ ಇಮ್ಮಡಿ: 9000 ಕ್ಯಾಂಡೆಲಾಕ್ಕೆ 190 ಮೀಟರ್. ಅಷ್ಟು ದೂರದಲ್ಲಿ ಬೀಳುವುದು 0.25 ಲಕ್ಸ್, ಹುಣ್ಣಿಮೆಯ ಬೆಳದಿಂಗಳಷ್ಟು. ಏನೋ ಇದೆ ಅಂತ ಗೊತ್ತಾಗುತ್ತದೆ, ದನವೋ ಪೊದೆಯೋ ಅಂತ ಗೊತ್ತಾಗುವುದಿಲ್ಲ. ಅರ್ಧಕ್ಕೆ ಇಳಿಸಿ ಓದಿಕೊಳ್ಳಿ. ಅದೂ ಟರ್ಬೊದ ದೂರ. 400ಕ್ಕೆ ಇಳಿದ ಮೇಲೆ ಅಂಕಿ 110ರ ಆಸುಪಾಸಿಗೆ ಬರುತ್ತದೆ.

ಎರಡು ವರ್ಷದಲ್ಲಿ ಕೈಕೊಟ್ಟದ್ದು ಮೂರು ಕಡೆ. ಮೊದಲನೆಯದು ಮಿಣುಕು. ಹಿಂದಿನ ಮುಚ್ಚಳದ ತಿರುಪಿನಲ್ಲಿ, ಅದು ತಾಗುವ ಕೊಳವೆಯ ಅಂಚಿನಲ್ಲಿ ಕಪ್ಪು ಕೊಳೆ ಕಟ್ಟಿ, ಟರ್ಬೊ ಎಳೆಯುವ ಮೂರು ಆಂಪಿಯರಿಗೂ ಮೀರಿದ ಕರೆಂಟ್ ಹಾಯಲು ಒದ್ದಾಡುತ್ತದೆ. ಅದಕ್ಕೇ 15ರಲ್ಲಿ ಸರಿಯಾಗಿ ಉರಿದು 1200ರಲ್ಲಿ ಮಿಣುಕುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ತಿರುಪು, ಕೊಳವೆಯ ಬರಿ ಲೋಹದ ಅಂಚು, ಸ್ಪ್ರಿಂಗಿನ ತುದಿ ಒರೆಸಿ, ಒಣಗಿದ ಮೇಲೆ ನೀರು ತಡೆಯುವ ರಬ್ಬರ್ ಉಂಗುರಕ್ಕೆ (ಓ-ರಿಂಗ್) ಒಂದು ಹನಿ ಸಿಲಿಕೋನ್ ಗ್ರೀಸ್ ಸವರಿದರೆ ಮುಗಿಯಿತು. ಅಂಚಿಗೆ ಗ್ರೀಸ್ ಬಳಿದರೆ ಮತ್ತೆ ಮಿಣುಕು.

ಎರಡನೆಯದು ಚೀಲದೊಳಗೆ ತಾನಾಗಿ ಹತ್ತಿಕೊಳ್ಳುವುದು. ಸ್ವಿಚ್ಚು ಉಬ್ಬಿಕೊಂಡಿದೆ, ಬಟ್ಟೆಗೆ ಒತ್ತಿ ಟರ್ಬೊ ಹತ್ತಿದರೆ ಬಟ್ಟೆ ಕಮರುವಷ್ಟು ಬಿಸಿ. ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿ ಇಡಿ. ತಿರುಪಿಗೆ ಕರೆಂಟ್ ಹಾಯಿಸದ ಆನೊಡೈಸ್ ಲೇಪನ ಇರುವುದರಿಂದ ಸಂಪರ್ಕ ಕಡಿಯುತ್ತದೆ. ಆರಿಸಿದಾಗಲೂ ಸ್ವಿಚ್ಚು ಹೀರುವ ಚೂರುಪಾರು ಕರೆಂಟೂ ಇದರಿಂದ ನಿಲ್ಲುತ್ತದೆ.

ಮೂರನೆಯದು ಚಾರ್ಜಿಂಗ್. ಟಾರ್ಚಿನಲ್ಲಿ ಯುಎಸ್‌ಬಿ-ಸಿ ತೂತು ಇದೆ, ಆದರೆ ಎರಡೂ ತುದಿ ಸಿ ಇರುವ ಕೇಬಲ್ ಹಾಕಿದರೆ ಜಪ್ಪಯ್ಯ ಅಂದರೂ ಚಾರ್ಜ್ ಆಗುವುದಿಲ್ಲ. ‘ಇಲ್ಲೊಂದು ಸಾಧನ ಇದೆ, ಕರೆಂಟ್ ಕೊಡು’ ಅಂತ ಚಾರ್ಜರಿಗೆ ತಿಳಿಸುವ 5.1 ಕಿಲೋ ಓಮ್‌ನ ಎರಡು ಪುಟ್ಟ ರೆಸಿಸ್ಟರ್‌ಗಳನ್ನು ತಯಾರಕರು ಉಳಿಸಿದ್ದಾರೆ. ಒಂದು ತುದಿ ಹಳೆಯ ಚಪ್ಪಟೆ ಯುಎಸ್‌ಬಿ-ಎ ಇರುವ ಕೇಬಲ್ ಆದರೆ ಸರಿಯಾಗಿ ಚಾರ್ಜ್ ಆಗುತ್ತದೆ. ಡಬ್ಬಿಯಲ್ಲಿ ಈ ವಿಷಯಕ್ಕೆ ಒಂದು ಸಾಲೂ ಇಲ್ಲ, ಕೆಟ್ಟಿದೆ ಅಂತ ವಾಪಸ್ ಕಳಿಸುವವರೇ ಹೆಚ್ಚಿರಬೇಕು.

ಡಬ್ಬಿಯ ಮುಖದ ಮೇಲೆ ಹೀಗೆ ಬರೆದಿದ್ದರೆ ಯಾರೂ ಮೋಸ ಹೋಗುತ್ತಿರಲಿಲ್ಲ: ‘1200 ಲ್ಯೂಮೆನ್ ಎರಡೂವರೆ ನಿಮಿಷ, ನಂತರ 400 ಲ್ಯೂಮೆನ್ ಎರಡೂ ಮುಕ್ಕಾಲು ಗಂಟೆ. 120 ಲ್ಯೂಮೆನ್ ಹತ್ತೂವರೆ ಗಂಟೆ. ಚಾರ್ಜಿಗೆ ಎ-ಯಿಂದ-ಸಿ ಕೇಬಲ್.’ ಈ ಬೆಳಕು, ಈ ಬಾಳಿಕೆ ಎರಡೂ ಮುಚ್ಚಿಡುವಂಥವಲ್ಲ. 400ರಲ್ಲಿ ಕದಲದೆ ನಿಲ್ಲುವ ಟಾರ್ಚು ಅಂತ ಕೊಂಡರೆ ಐದಕ್ಕೆ ನಾಲ್ಕು ಅಂಕ, 1200ರ ಟಾರ್ಚು ಅಂತ ಕೊಂಡರೆ ಎರಡು.