ಎರಡು ಮಳೆಗಾಲ ಕಂಡ ಕಾಂಪೋಸಿಟ್ ಹಾಕಿ ಸ್ಟಿಕ್: ಹೊಡೆತ ಲಾಯ್ಕ ಉಂಟು, ಅಂಚಿನ ಕತೆ ಕೇಳಬೇಡಿ

ನನ್ನ ತಕರಾರೆಲ್ಲ ಅಂಚಿನದ್ದು. ಸ್ಟಿಕ್ಕಿನ ಕೆಳಗಿನ ತಿರುವಿನಲ್ಲಿ ನೆಲಕ್ಕೆ ತಾಗುವ ಜಾಗ ಉಂಟಲ್ಲ, ಅಲ್ಲಿ ಒಂದೂವರೆ ತಿಂಗಳಿಗೆ ಬಣ್ಣ ಹೋಯಿತು. ಮೂರನೇ ತಿಂಗಳಿಗೆ ಒಳಗಿನ ನಾರು ಹಳೇ ಟೂತ್‌ಬ್ರಷ್ ಹಾಗೆ ಕೆದರಿಕೊಂಡು ನಿಂತಿತು. 2,400 ರೂಪಾಯಿ ಕೊಟ್ಟ ಮಾಲು ಮಾರಾಯ್ರೆ!

ಕಂಪನಿ ಹೆಸರು ಬರೆಯುವುದಿಲ್ಲ. ನಾನು ಕೈಯಲ್ಲಿ ಹಿಡಿದು ನೋಡಿದ ಈ ಬೆಲೆಯ ಸ್ಟಿಕ್ಕುಗಳಲ್ಲಿ ಸ್ಟಿಕ್ಕರ್ ಬೇರೆ ಬೇರೆ, ಒಳಗೆ ಹೆಚ್ಚುಕಮ್ಮಿ ಒಂದೇ: ಬಹುಪಾಲು ಫೈಬರ್ ಗ್ಲಾಸ್, ಚೂರು ಕಾರ್ಬನ್. ನನ್ನದರಲ್ಲಿ ಶೇಕಡಾ 10 ಕಾರ್ಬನ್ ಅಂತ ಬರೆದಿದೆ.

ಕಾಲೇಜಿನಲ್ಲಿ ನಾನು ಆಡಿದ್ದು ಹಿಪ್ಪುನೇರಳೆ ಮರದ ಸ್ಟಿಕ್ಕಿನಲ್ಲಿ. ಆಮೇಲೆ ಕೆಲಸ, ಮದುವೆ, ಹೊಟ್ಟೆ. ನಲವತ್ತು ದಾಟಿದ ಮೇಲೆ ಉಡುಪಿಯಲ್ಲಿ ಭಾನುವಾರ ಬೆಳಿಗ್ಗೆ ಆಡುವ ಗುಂಪೊಂದಕ್ಕೆ ಸೇರಿಕೊಂಡೆ. ಸ್ಟಿಕ್ ಬೇಕು ಅಂತ ಪೇಟೆಯ ಅಂಗಡಿಗಳಿಗೆ ಹೋದರೆ ಗೋಡೆ ತುಂಬ ಕ್ರಿಕೆಟ್ ಬ್ಯಾಟು, ಶಟ್ಲ್ ರಾಕೆಟ್ಟು. ಒಬ್ಬರು ಅಟ್ಟದಿಂದ ಧೂಳು ಹಿಡಿದ ಎರಡು ಮರದ ಸ್ಟಿಕ್ ಇಳಿಸಿ, "ಇದನ್ನು ಕೇಳಿಕೊಂಡು ಯಾರೂ ಬರುವುದೇ ಇಲ್ಲ ಸರ್" ಅಂದರು. ಕೊನೆಗೆ ಆನ್‌ಲೈನೇ ಗತಿಯಾಯಿತು.

ಅಲ್ಲಿ ನಾನು ಲೋ ಬೋ, ಅಂದರೆ ಬಾಗು ತೀರಾ ಕೆಳಗಿರುವ ಸ್ಟಿಕ್ಕಿಗೆ ದುಡ್ಡು ಕಟ್ಟಿಯೇ ಬಿಡುತ್ತಿದ್ದೆ, ಬಣ್ಣ ಅಷ್ಟು ಚಂದ ಇತ್ತು. ತಪ್ಪಿಸಿದವನು ಆಫೀಸಿನ ಕೊಡಗಿನ ಗೆಳೆಯ. 1997ರಿಂದ ಕುಟುಂಬ ಕುಟುಂಬಗಳೇ ತಂಡ ಕಟ್ಟಿ ಹಾಕಿ ಆಡುವ ಊರಿನವನು. ನಾವು ಮೇಳ, ಭಾಗವತರ ಬಗ್ಗೆ ಚರ್ಚೆ ಮಾಡುವಷ್ಟೇ ಗಂಭೀರವಾಗಿ ಅವನು ಸ್ಟಿಕ್ಕಿನ ಬಾಗಿನ ಬಗ್ಗೆ ಮಾತಾಡುತ್ತಾನೆ. ಬಾಗು ಕೆಳಗಿದ್ದರೆ ಪೆನಾಲ್ಟಿ ಕಾರ್ನರಿನಲ್ಲಿ ಡ್ರ್ಯಾಗ್ ಫ್ಲಿಕ್ ಮಾಡುವವರಿಗೆ, ಅಂದರೆ ಚೆಂಡನ್ನು ಸ್ಟಿಕ್ಕಿನಲ್ಲಿ ಎಳೆದು ಎಸೆಯುವವರಿಗೆ ಅನುಕೂಲ, ಆದರೆ ಅಭ್ಯಾಸ ಇಲ್ಲದವರು ಮಾಮೂಲಿ ಹಿಟ್ ಹೊಡೆದರೆ ಚೆಂಡು ಮೇಲೆ ಹಾರುತ್ತದಂತೆ. "ನಿನಗೆ ಎಂತಕ್ಕೆ ಅದು? ಪೆನಾಲ್ಟಿ ಕಾರ್ನರಿಗೆ ನೀನು ಸಮಯಕ್ಕೆ ಓಡಿ ಬಂದರೆ ಅದೇ ದೊಡ್ಡದು" ಅಂದ. ಬಾಗು ನಡುವಿಗೆ ಇರುವ ಮಿಡ್ ಬೋ ತೆಗೆದುಕೊಂಡೆ, 36.5 ಇಂಚಿನದ್ದು. ಕಾರ್ಬನ್ ಕಡಿಮೆ ಇರುವುದೇ ಒಳ್ಳೆಯದು ಅಂತಲೂ ಅವನೇ ಹೇಳಿದ್ದು. ಕಾರ್ಬನ್ ಏರಿದ ಹಾಗೆ ಸ್ಟಿಕ್ ಬಿಗಿಯಾಗುತ್ತದೆ, ಹೊಡೆತಕ್ಕೆ ಜೋರು ಬರುತ್ತದೆ, ಆದರೆ ಚೆಂಡು ನಿಲ್ಲಿಸುವಾಗ ಪುಟಿದು ಹೋಗುತ್ತದೆ. ನನ್ನ ಸ್ಟಿಕ್ಕಿನಲ್ಲಿ ಚೆಂಡು ನಿಲ್ಲುತ್ತದೆ. ಸರಿಯಾದ ಜಾಗಕ್ಕೆ ತಾಗದಿದ್ದರೆ ಮಾತ್ರ ಮೊಣಕೈವರೆಗೆ ಜುಮ್ ಅನ್ನುತ್ತದೆ.

ಅಂಚಿಗೆ ಬರುತ್ತೇನೆ. ಈ ಸ್ಟಿಕ್ಕುಗಳು ಹುಟ್ಟಿದ್ದು ನೀರು ಚಿಮುಕಿಸಿದ ಟರ್ಫ್‌ಗೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲೇ ಹಾಕಿ ಹುಲ್ಲು ಬಿಟ್ಟು ಕೃತಕ ಹಾಸಿನ ಮೇಲೆ ಹೋಗಿದೆ. ನಾವು ಇನ್ನೂ ಕೆಮ್ಮಣ್ಣಿನಲ್ಲೇ ಇದ್ದೇವೆ. ನೆಲದ ತುಂಬ ಮುರಕಲ್ಲಿನ ಹರಳು. ನಾನೋ ಡಿಫೆಂಡರ್, ಓಡಲಿಕ್ಕೆ ಆಗದೆ ಬಗ್ಗಿ ಸ್ಟಿಕ್ಕನ್ನು ನೆಲಕ್ಕೆ ಅಡ್ಡ ಮಲಗಿಸಿ ಚೆಂಡು ತಡೆಯುವವನು. ಅಂದರೆ ವಾರಕ್ಕೊಮ್ಮೆ ಅದನ್ನು ಉಪ್ಪುಕಾಗದಕ್ಕೆ ತಿಕ್ಕಿದ ಹಾಗೆ. ಮರವೂ ಸವೆಯುತ್ತಿತ್ತು, ಆದರೆ ಮರ್ಯಾದೆಯಲ್ಲಿ ಸವೆಯುತ್ತಿತ್ತು. ಇದು ನಾರು ಬಿಡುತ್ತದೆ. ಬರಿಗೈಯಲ್ಲಿ ಸವರಿ ನೋಡಿ ಎರಡು ದಿನ ಬೆರಳು ತುರಿಸಿಕೊಂಡಿದ್ದೇನೆ, ನೀವು ಮುಟ್ಟಬೇಡಿ. ಮಾರಿದವರಿಗೆ ಬರೆದರೆ ಸವೆತಕ್ಕೆ ವಾರಂಟಿ ಇಲ್ಲ ಅಂತ ಎರಡು ಸಾಲು ಬಂತು.

ಆ ಸಿಟ್ಟಿನಲ್ಲೇ ಅದನ್ನು ಮಲ್ಪೆಗೆ ತೆಗೆದುಕೊಂಡು ಹೋದೆ. ಜೂನ್ ತಿಂಗಳು, ಮೀನುಗಾರಿಕೆಗೆ ರಜೆ, ದೋಣಿಗಳೆಲ್ಲ ದಡದಲ್ಲಿ ರಿಪೇರಿಗೆ ನಿಂತಿದ್ದವು. ಪರಿಚಯದ ಫೈಬರ್ ಕೆಲಸದವರೊಬ್ಬರು ಸ್ಟಿಕ್ ತಿರುಗಿಸಿ ನೋಡಿ, "ಇದು ನಮ್ಮ ದೋಣಿಯೇ ಅಲ್ವಾ, ಸ್ವಲ್ಪ ಸಪೂರ ಅಷ್ಟೆ" ಅಂದರು. ಗಾಜಿನ ನಾರಿನ ಒಂದು ತುಂಡು ಮ್ಯಾಟ್ ಕತ್ತರಿಸಿ, ಒಣಗಿ ಗಟ್ಟಿಯಾಗುವ ರೆಸಿನ್ ಬಳಿದು, ದುಡ್ಡು ಕೊಡಲು ಹೋದರೆ ಬೈದು ಕಳಿಸಿದರು. ಮೂರು ವಾರಕ್ಕೆ ಆ ತೇಪೆ ಒಣಗಿದ ಗಾಯದ ಹೊಪ್ಪಳೆಯ ಹಾಗೆ ಎದ್ದು ಬಂತು. ಅವರ ತಪ್ಪಲ್ಲ. ಅವರು ದೋಣಿಗೆ ಬಳಿಯುವುದು ಪಾಲಿಯೆಸ್ಟರ್ ರೆಸಿನ್, ನನ್ನ ಸ್ಟಿಕ್ಕಿನದ್ದು ಎಪಾಕ್ಸಿ. ಗಟ್ಟಿಯಾದ ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಸರಿಯಾಗಿ ಕಚ್ಚುವುದಿಲ್ಲ.

ಈಗ ನಾನೇ ಮಾಡುತ್ತೇನೆ. ಹಾರ್ಡ್‌ವೇರ್ ಅಂಗಡಿಯ ಎರಡು ಟ್ಯೂಬಿನ ಎಪಾಕ್ಸಿ ಗಮ್ಮು, ಒರಟು ಉಪ್ಪುಕಾಗದ, ಮೂಗಿಗೆ ಬಟ್ಟೆ. ಉಜ್ಜಿ, ಒರೆಸಿ, ತೆಳ್ಳಗೆ ಬಳಿದು, ಎರಡು ರಾತ್ರಿ ಬಿಟ್ಟು, ಮೇಲೆ ಟೇಪು. ಐದಾರು ವಾರ ಬರುತ್ತದೆ. ದಪ್ಪ ಮಾಡಬೇಡಿ: ಟೇಪು ಸಮೇತ ಇಡೀ ಸ್ಟಿಕ್ಕು 51 ಮಿಲಿಮೀಟರ್ ರಿಂಗಿನೊಳಗೆ ತೂರಬೇಕು ಅಂತ ನಿಯಮ ಉಂಟು. ಮಗಳ ಎರಡಿಂಚಿನ ಬಳೆ ಹೆಚ್ಚುಕಮ್ಮಿ ಅದೇ ಅಳತೆ. ಹಿಡಿಯಿಂದ ತುದಿವರೆಗೆ ಆ ಬಳೆ ಜಾರಿಸಿ ನೋಡುವುದು ಈಗ ಅವಳ ಕೆಲಸ, ಸಿಕ್ಕಿಹಾಕಿಕೊಂಡರೆ "ಅಪ್ಪ, ಫೌಲ್!" ಅಂತ ಕೂಗುತ್ತಾಳೆ.

ಇಷ್ಟು ಬೈದರೂ ಅದನ್ನು ಮೂಲೆಗೆ ಹಾಕಲಿಲ್ಲ, ಕಾರಣ ಮಳೆ. ನಮ್ಮದು ಜುಲೈಯಲ್ಲೂ ಆಡುವ ಹುಚ್ಚು ಗುಂಪು. ನನ್ನ ಹಳೇ ಮರದ ಸ್ಟಿಕ್ ನೀರು ಕುಡಿದು ಭಾರವಾಗಿ, ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಊದಿ ಬಿರುಕು ಬಿಟ್ಟಿತ್ತು. ಇದಕ್ಕೆ ಮಳೆಯ ಪರಿವೆಯೇ ಇಲ್ಲ. ಕೆಸರಿನಲ್ಲಿ ಹೊಡೆದರೂ ಅದೇ ಟಕ್ ಶಬ್ದ, ಕೈಯಲ್ಲಿ ಅದೇ ತೂಕ. ಮನೆಗೆ ಬಂದು ಬಾವಿಕಟ್ಟೆಯಲ್ಲಿ ಒಂದು ಕೊಡಪಾನ ನೀರು ಸೇದಿ ಮೊದಲು ಸ್ಟಿಕ್ಕಿಗೆ ಸ್ನಾನ, ಆಮೇಲೆ ನನಗೆ. ಹಳೇ ಬೈರಾಸಿನಲ್ಲಿ ಒರೆಸಿ ಜಗಲಿಯಲ್ಲಿ ಒರಗಿಸುತ್ತೇನೆ, ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಂತೂ ಬಿಡುವುದಿಲ್ಲ.

ಕಂಪನಿ ಕೊಟ್ಟ ಗ್ರಿಪ್ ಮಾತ್ರ ಮಳೆಗೆ ಆಗದು. ಮೊದಲ ಆಷಾಢದಲ್ಲೇ ಲೋಳೆ ಲೋಳೆಯಾಗಿ ಬೂಸ್ಟು ಹಿಡಿಯಿತು. ಶಟ್ಲ್ ರಾಕೆಟ್ಟಿಗೆ ಸುತ್ತುವ ಟವೆಲ್ ಗ್ರಿಪ್ ಇಲ್ಲೇ ಪೇಟೆಯಲ್ಲಿ ಸಿಗುತ್ತದೆ. ಒಂದು ಸಾಲದು, ಎರಡು ಬೇಕು. ಶನಿವಾರ ರಾತ್ರಿ ಊಟ ಆದ ಮೇಲೆ ಸ್ಟಿಕ್ಕನ್ನು ಮೊಣಕಾಲ ಸಂದಿಯಲ್ಲಿ ಸಿಕ್ಕಿಸಿ, ಮೇಲಿಂದ ಎಳೆದು ಎಳೆದು ಸುತ್ತುತ್ತ ಬರುವುದು, ಎರಡೂ ಸೇರುವಲ್ಲಿ ಉಬ್ಬಿದರೆ ಬಿಚ್ಚಿ ಮತ್ತೆ ಶುರು. ಅಷ್ಟು ಹೊತ್ತು ಯಾರ ಫೋನನ್ನೂ ಎತ್ತುವುದಿಲ್ಲ.

ಟರ್ಫ್ ಸಿಗುವವರು ಕಣ್ಣು ಮುಚ್ಚಿ ತೆಗೆದುಕೊಳ್ಳಿ. ನಮ್ಮಂಥ ಮೈದಾನದವರು ಸ್ಟಿಕ್ಕಿನ ಜೊತೆಗೇ ಗಮ್ಮು, ಟೇಪು ತಂದಿಟ್ಟುಕೊಂಡು ಮೊದಲ ದಿನವೇ ಅಂಚಿಗೆ ಟೇಪು ಸುತ್ತಿ. ನಾನು ಅಷ್ಟು ಮಾಡಿದ್ದರೆ ಮೊದಲ ಮೂರು ತಿಂಗಳ ಸಿಟ್ಟು ತಪ್ಪುತ್ತಿತ್ತು.

ಮಲ್ಪೆಯವರು ಮೊನ್ನೆ ಬಂದರಿನಲ್ಲಿ ಸಿಕ್ಕಿದ್ದರು. ತೇಪೆ ಕಿತ್ತುಬಂದ ಸುದ್ದಿ ಅವರಿಗೆ ಇನ್ನೂ ಬೇಜಾರು. ಜೂನ್ 1ಕ್ಕೆ ದೋಣಿ ಮೇಲೆ ಬಂದ ಮೇಲೆ ಸ್ಟಿಕ್ ಹಿಡಿದುಕೊಂಡು ಬರಬೇಕಂತೆ, ಈ ಸಲ ಎಪಾಕ್ಸಿ ತರಿಸಿಡುತ್ತಾರಂತೆ.