ಒಂಬತ್ತು ವರ್ಷದ ನಂತರ ನನ್ನ ಲೋ ಬಾನೆಟ್ ಜೀಪ್: ಫೋರ್ಡಾ, ವಿಲ್ಲೀಸಾ?

ಎರಡನೇ ಮಹಾಯುದ್ಧದ ಜೀಪನ್ನು ವಿಲ್ಲೀಸ್, ಫೋರ್ಡ್ ಎರಡೂ ಕಂಪನಿ ಒಂದೇ ನಕ್ಷೆಯಲ್ಲಿ ಮಾಡಿದ್ದವು. ಈ ಜೀಪನ್ನು ನನಗೆ ಫೋರ್ಡ್ ಅಂತ ಹೇಳಿ ಮಾರಿದರು. ಇದು ಫೋರ್ಡ್ ಅಲ್ಲ. ಇಷ್ಟು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು, ಆ ಸಿಟ್ಟು ಇಳಿಯಲು ಇನ್ನೂ ಒಂದು ವರ್ಷ. ಎರಡನೇ ಮಹಾಯುದ್ಧದ ಜೀಪ್ ತಗೊಳ್ಳಬೇಕು ಅಂತ ಆಸೆ ಇಟ್ಟುಕೊಂಡವರು ದುಡ್ಡು ಕೊಡುವ ಮುಂಚೆ ಇದನ್ನು ಓದಿ.

ನಮ್ಮದು ಸಕಲೇಶಪುರದ ಹಾನ್‌ಬಾಳ್ ಕಡೆ ಸಣ್ಣ ಕಾಫಿ ತೋಟ. 2016ರಲ್ಲಿ ಮೆಣಸಿಗೆ ಒಳ್ಳೆ ರೇಟ್ ಸಿಕ್ಕಿ ಕೈಯಲ್ಲಿ ಐದು ಲಕ್ಷ ಉಳಿದಿತ್ತು. ಮೊದಲು ಜೋಂಗಾ ನೋಡಿದೆ. ಜಬಲ್ಪುರದಲ್ಲಿ ನಮ್ಮ ಸೈನ್ಯಕ್ಕೆಂದೇ ಮಾಡಿದ ಗಾಡಿ, ನಿಸ್ಸಾನ್ ಪಟ್ರೋಲ್ ಅನ್ನುವ ಗಾಡಿಯ ಅಚ್ಚು. ಗತ್ತು ಅಂದರೆ ಗತ್ತು. ಆದರೆ ಆರು ಸಿಲಿಂಡರಿನ, ಸುಮಾರು ನಾಲ್ಕು ಲೀಟರಿನ ಪೆಟ್ರೋಲ್ ಎಂಜಿನ್ ಸಾಕುವ ಶಕ್ತಿ ನನಗಿಲ್ಲ. ನಮ್ಮ ತೋಟದ ದಾರಿಗೆ ಅದರ ಅಗಲವೂ ಜಾಸ್ತಿ. ಹಾಗಾಗಿ ಲೋ ಬಾನೆಟ್ಟಿಗೆ, ಅಂದರೆ ಬಾನೆಟ್ ತಗ್ಗಾಗಿರುವ ಹಳೇ ಜೀಪಿಗೆ ಬಂದೆ. ನಾಲ್ಕು ಕಾಲು ಲಕ್ಷಕ್ಕೆ ಮಾತು ಮುಗಿಯಿತು. "1944ರ ಫೋರ್ಡ್ ಜಿಪಿಡಬ್ಲ್ಯು, ಒಂದು ಬೋಲ್ಟೂ ಬದಲಾಗಿಲ್ಲ" ಅಂದರು ಮಾರಿದವರು. ಜಿಪಿಡಬ್ಲ್ಯು ಅಂದರೆ ಫೋರ್ಡ್ ಮಾಡಿದ ಯುದ್ಧದ ಜೀಪಿನ ಮಾದರಿ. ಡ್ಯಾಶಿನ ಮೇಲೆ ಗಾಡಿಯ ವಿವರ ಇರುವ, ಮಿರಿಮಿರಿ ಮಿಂಚುವ ಪ್ಲೇಟ್ ಬೇರೆ ಇತ್ತು. ನಂಬಿದೆ. ಆ ಪ್ಲೇಟುಗಳನ್ನು ಹೊಸದಾಗಿ ಮಾಡಿ ಮಾರುತ್ತಾರೆ ಅನ್ನುವುದು ಆಗ ಗೊತ್ತಿರಲಿಲ್ಲ.

ನಮ್ಮ ಕಡೆ ಬಾನೆಟ್ ತಗ್ಗಿದ್ದರೆ ಸಾಕು, ಯುದ್ಧದ ಜೀಪ್ ಅಂದುಬಿಡುತ್ತಾರೆ. ಹಾಗಲ್ಲ. ಯುದ್ಧ ಮುಗಿಯುವ ಹೊತ್ತಿಗೆ ವಿಲ್ಲೀಸ್ ಜನಸಾಮಾನ್ಯರಿಗೆ ಅಂತ ತಂದ ಸಿಜೆ-2ಎ ಜೀಪ್ ಕೂಡ ಲೋ ಬಾನೆಟ್ಟೇ. ಮುಂದಿನ ಜಾಲರಿಯ ಸೀಳು ಎಣಿಸಿ. ಯುದ್ಧದ ಗಾಡಿಗೆ ಒಂಬತ್ತು, ಸಿಜೆಗೆ ಏಳು. ಸಿಜೆಗೆ ಹಿಂದೆ ಬಾಗಿಲು ಇರುತ್ತದೆ, ಸ್ಟೆಪ್ನಿ ಪಕ್ಕದಲ್ಲಿರುತ್ತದೆ. ಯುದ್ಧದ ಗಾಡಿಗೆ ಹಿಂದೆ ಬಾಗಿಲಿಲ್ಲ, ಸ್ಟೆಪ್ನಿ ಬೆನ್ನಿಗೇ ಕೂತಿರುತ್ತದೆ. ಜಾಲರಿ ಹೊಸದು ಹಾಕಬಹುದು, ಇಡೀ ಬಾಡಿಯನ್ನೇ ಹೊಸ ತಗಡಿನಲ್ಲಿ ಕಟ್ಟಿಸಬಹುದು. ಹರಿಯಾಣದ ಮಂಡಿ ಡಬ್ವಾಲಿ ಜೀಪ್ ಕಟ್ಟುವುದಕ್ಕೇ ಹೆಸರಾದ ಊರು. ಅದಕ್ಕೇ ಬಾಡಿ ನೋಡಿ ನಿರ್ಧಾರ ಮಾಡಬೇಡಿ. ಬಗ್ಗಿ ಚಾಸಿ, ಅಂದರೆ ಅಡಿಯ ಕಬ್ಬಿಣದ ಚೌಕಟ್ಟು ನೋಡಿ.

ನಾನು ಬಗ್ಗಲಿಲ್ಲ. ಎರಡು ವರ್ಷದ ಮೇಲೆ ರೇಡಿಯೇಟರ್ ಸೋರಿ, ಅದನ್ನು ಬಿಚ್ಚಿದಾಗ ನಮ್ಮ ಜೀಪ್ ಮೇಸ್ತ್ರಿ ಟಾರ್ಚ್ ಹಿಡಿದು ಒಳಗೆ ನೋಡಿದರು. ಸ್ಪ್ಯಾನರಿನಲ್ಲಿ ಎರಡು ಸಲ ಟಣ್ ಟಣ್ ಅಂತ ತಟ್ಟಿದರು.

"ಸಾರ್, ಇದನ್ನ ಫೋರ್ಡ್ ಅಂತ ಯಾರು ಹೇಳಿದ್ದು ನಿಮಗೆ?"

"ಯಾಕಣ್ಣ?"

"ಇಲ್ ನೋಡಿ. ಪೈಪ್ ಐತೆ."

ಬಂಪರಿನ ಹಿಂದೆ, ರೇಡಿಯೇಟರಿನ ಕೆಳಗೆ ಚಾಸಿಯ ಎರಡೂ ಪಕ್ಕ ಸೇರಿಸುವ ಅಡ್ಡ ಕಂಬಿ ಇರುತ್ತದೆ. ವಿಲ್ಲೀಸಿನ ಯುದ್ಧದ ಜೀಪ್ ಎಂಬಿಯಲ್ಲಿ ಅದು ದುಂಡಗಿನ ಪೈಪ್. ಫೋರ್ಡಿನಲ್ಲಿ ಕವುಚಿಟ್ಟ ದೋಣಿಯ ಹಾಗೆ ಮಡಚಿದ ತಗಡು. ಇದೊಂದನ್ನು ಸುಲಭವಾಗಿ ಬದಲಾಯಿಸಲು ಆಗುವುದಿಲ್ಲ. ಆಮೇಲೆ ನಂಬರ್ ಹುಡುಕಿದೆವು. ಫೋರ್ಡ್ ಆಗಿದ್ದರೆ ಚಾಸಿಯ ಎಡಗಡೆ ಪಟ್ಟಿಯ ಮೇಲ್ಮುಖದಲ್ಲೇ ನಂಬರ್ ಒತ್ತಿರುತ್ತಾರೆ. ಅಲ್ಲಿ ಏನೂ ಇರಲಿಲ್ಲ. ವಿಲ್ಲೀಸ್ ಆದರೆ ಅದೇ ಪಟ್ಟಿಯ ಒಳಮೈಗೆ, ಬಂಪರಿನ ಹಿಂದೆ, ಸಣ್ಣ ಪ್ಲೇಟ್ ರಿವೆಟ್ ಮಾಡಿರುತ್ತಾರೆ. ಅಲ್ಲಿ ರಿವೆಟ್ಟಿನ ತೂತು ಮಾತ್ರ ಇದ್ದವು, ಪ್ಲೇಟ್ ಇರಲಿಲ್ಲ. ಆರ್‌ಸಿಯಲ್ಲಿ ಬರೀ ಅಂಕಿ ಇತ್ತು, ಮುಂದೆ ಎಂಬಿ ಅಂತಲೋ ಜಿಪಿಡಬ್ಲ್ಯು ಅಂತಲೋ ಅಕ್ಷರ ಇರಲಿಲ್ಲ. ಮಾರಿದವರಿಗೆ ಫೋನ್ ಮಾಡಿದೆ. "ಓಡ್ತಾ ಇದೆ ತಾನೇ?" ಅಂದು ಇಟ್ಟರು. ಆ ಮಾತು ನನಗೆ ಬಹಳ ದಿನ ಚುಚ್ಚಿತು. ಜೀಪನ್ನು ಶೆಡ್ಡಿಗೆ ಹಾಕಿ ತಾಡಪಾಲು ಹೊದಿಸಿಬಿಟ್ಟೆ.

ಅದನ್ನು ಮತ್ತೆ ಹೊರಗೆ ತಂದದ್ದು ಒಂದು ಭಾನುವಾರ, ಬರೀ ಬ್ಯಾಟರಿ ಸತ್ತು ಹೋಗಬಾರದು ಅಂತ. ಈ ಜೀಪಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ಅದರ ಹೆಡ್‌ಲೈಟ್. ಬಾನೆಟ್ಟಿನ ಎರಡೂ ಪಕ್ಕದ ಕೊಂಡಿ ಬಿಡಿಸಿ, ಬಾನೆಟ್ ಎತ್ತಿ ಗ್ಲಾಸಿಗೆ ಒರಗಿಸಬೇಕು. ಆಮೇಲೆ ಹೆಡ್‌ಲೈಟಿನ ಕಿವಿ ನಟ್ ಸಡಿಲ ಮಾಡಿದರೆ ಇಡೀ ದೀಪ ಕೀಲಿನ ಮೇಲೆ ಹಿಂದಕ್ಕೆ ಮಗುಚಿ ಎಂಜಿನ್ ಕಡೆ ಮುಖ ಮಾಡುತ್ತದೆ. ಕತ್ತಲಲ್ಲಿ ರಿಪೇರಿ ಮಾಡುವ ಸಿಪಾಯಿಗೆ ಬೆಳಕು ಬೇಕಲ್ವಾ, ಅದಕ್ಕೆ ಮಾಡಿದ್ದು. ನಮ್ಮ ಶೆಡ್ಡಿನಲ್ಲಿ ಕರೆಂಟ್ ಇಲ್ಲ. ಆವತ್ತು ಬಲಗಡೆ ದೀಪ ಮಗುಚಿ, ಆಯಿಲ್ ಫಿಲ್ಟರ್ ಹತ್ತಿರ ಗಟ್ಟಿಯಾಗಿ ಕೂತಿದ್ದ ಜಿಡ್ಡನ್ನು ಡೀಸೆಲ್ ಬಟ್ಟೆಯಲ್ಲಿ ಉಜ್ಜುತ್ತಿದ್ದೆ. ಕಪ್ಪು ಕರಗಿ ಇಳಿಯಿತು. ಕೆಳಗೆ ಎಂಜಿನ್ನಿನ ಬೀಡು ಕಬ್ಬಿಣ ಕಂಡಿತು. ಅದರ ಮೇಲೆ ಜಿ, ಪಿ, ಡಬ್ಲ್ಯು, ಪಕ್ಕದಲ್ಲಿ ಆರ್‌ಸಿಯಲ್ಲಿದ್ದ ಅದೇ ಅಂಕಿಗಳು.

ಚಾಸಿ ವಿಲ್ಲೀಸ್, ಎಂಜಿನ್ ಫೋರ್ಡ್. ಅಲ್ಲೇ ಮಣೆ ಹಾಕಿಕೊಂಡು ಕೂತು ತುಂಬ ಹೊತ್ತು ನೋಡಿದೆ.

ಆಮೇಲೆ ಓದಿ ತಿಳಿದುಕೊಂಡೆ. ಅಮೆರಿಕದ ಸೈನ್ಯಕ್ಕೆ ವಿಲ್ಲೀಸ್ ಒಂದೇ ಕಂಪನಿ ಬೇಕಾದಷ್ಟು ಜೀಪ್ ಮಾಡಿ ಕೊಡಲು ಆಗಲಿಲ್ಲ. 1941ರ ಕೊನೆಗೆ ವಿಲ್ಲೀಸಿನ ನಕ್ಷೆಯನ್ನೇ ಕೊಟ್ಟು ಫೋರ್ಡಿಗೂ ಆರ್ಡರ್ ಕೊಟ್ಟರು. ಒಂದರ ಸಾಮಾನು ಇನ್ನೊಂದಕ್ಕೆ ಕೂರಬೇಕು ಅನ್ನುವುದೇ ಷರತ್ತು. ಎರಡೂ ಸೇರಿ ಆರು ಲಕ್ಷಕ್ಕಿಂತ ಜಾಸ್ತಿ ಗಾಡಿ ಬಂದವು. ಸೈನ್ಯದ ವರ್ಕ್‌ಶಾಪಿನಲ್ಲಿ ಹತ್ತಾರು ಜೀಪ್ ಒಟ್ಟಿಗೆ ಬಿಚ್ಚಿ, ಕೈಗೆ ಸಿಕ್ಕ ಒಳ್ಳೆ ಎಂಜಿನ್ನನ್ನು ಸಿಕ್ಕ ಒಳ್ಳೆ ಚಾಸಿಗೆ ಕೂರಿಸಿ ಕಳಿಸುತ್ತಿದ್ದರು. 1944ರಿಂದ ಬಾಡಿಯೂ ಎರಡಕ್ಕೂ ಒಂದೇ ಕಾರ್ಖಾನೆಯದು. ಅಂದರೆ ಬೆರಕೆ ಆಗಿರುವುದು ಈ ಗಾಡಿಯ ಊನ ಅಲ್ಲ. ಅದು ದುಡಿದ ರೀತಿಯೇ ಹಾಗೆ. ನನಗೆ ಸುಳ್ಳು ಹೇಳಿದ್ದು ತಪ್ಪು, ಆ ಮಾತು ಈಗಲೂ ನಿಲ್ಲುತ್ತದೆ. ಆದರೆ ಜೀಪಿನ ಮೇಲೆ ಕೋಪ ಮಾಡಿಕೊಂಡದ್ದು ನನ್ನ ತಪ್ಪು.

ಆವತ್ತಿನಿಂದ ನನಗೊಂದು ಅಭ್ಯಾಸ ಬಂತು. ಫೋರ್ಡ್ ಕಂಪನಿ ತಾನು ಮಾಡಿದ ಸಾಮಾನಿನ ಮೇಲೆಲ್ಲ ಇಂಗ್ಲಿಷಿನ ಎಫ್ ಅಕ್ಷರ ಒತ್ತುತ್ತಿತ್ತು. ಬೋಲ್ಟಿನ ತಲೆಯ ಮೇಲೂ! ಪ್ರತಿ ಭಾನುವಾರ ಕಾಫಿ ಕುಡಿದು, ವೈರ್ ಬ್ರಶ್ ತಗೊಂಡು ಯಾವುದಾದರೂ ಒಂದು ಮೂಲೆ ಉಜ್ಜುತ್ತೇನೆ. ಐದಾರು ಪದರ ಪೇಂಟ್ ಏಳುತ್ತದೆ. ಮೇಲೆ ಹಸಿರು, ಅದರ ಕೆಳಗೆ ಯಾರೋ ಎಸ್ಟೇಟಿನವರು ಹೊಡೆಸಿದ ಬೂದಿ ಬಣ್ಣ, ಅದರ ಕೆಳಗೆ ಮತ್ತೆ ಹಸಿರು. ಕೊನೆಗೆ ಬೋಲ್ಟಿನ ತಲೆ ಮೇಲೆ ಅಕ್ಕಿ ಕಾಳಿನಷ್ಟು ದೊಡ್ಡ ಎಫ್ ಕಂಡರೆ ಆ ವಾರ ಪೂರ್ತಿ ಖುಷಿ. ಎಲ್ಲಿ ಸಿಕ್ಕಿತು ಅಂತ ಪುಸ್ತಕದಲ್ಲಿ ಬರೆದಿಡುತ್ತೇನೆ. ಈಗ 61 ಎಫ್ ಆಗಿವೆ.

ಇನ್ನು ಓಡಿಸುವ ಬಗ್ಗೆ. ಚೋಕ್ ಎಳೆದು, ಕಾಲಿನಲ್ಲಿ ಸೆಲ್ಫ್ ಒತ್ತಿದರೆ ಚಳಿಗಾಲದಲ್ಲೂ ಮೂರನೇ ಸಲಕ್ಕೆ ಏಳುತ್ತದೆ. ಫಸ್ಟ್ ಗೇರಿಗೆ ಸಿಂಕ್ರೊ, ಅಂದರೆ ಓಡುವಾಗ ಗೇರ್ ಮೆತ್ತಗೆ ಕೂರಿಸುವ ಭಾಗ ಇಲ್ಲ, ಪೂರ್ತಿ ನಿಂತ ಮೇಲೆ ಹಾಕಿ. ನನಗೆ ಲೀಟರಿಗೆ ಏಳು ಕಿಲೋಮೀಟರ್ ಸಿಗುತ್ತದೆ. ಟ್ಯಾಂಕ್ ಡ್ರೈವರ್ ಸೀಟಿನ ಕೆಳಗೆ ಇರುವುದರಿಂದ ಬಂಕಿನಲ್ಲಿ ಇಳಿದು ಕುಶನ್ ಎತ್ತಬೇಕು. ಯುದ್ಧದ ಜೀಪೆಲ್ಲ ಎಡಗಡೆ ಸ್ಟೇರಿಂಗ್. ಬಿಸಿಲೆ ಘಾಟಿನಲ್ಲಿ ಮುಂದಿನ ಲಾರಿ ದಾಟಬೇಕಾದರೆ ನನಗೆ ಏನೂ ಕಾಣುವುದಿಲ್ಲ. ಬಲಗಡೆ ಕೂತ ನನ್ನ ಹೆಂಡತಿ ಕತ್ತು ಚಾಚಿ ನೋಡಿ "ಬನ್ನಿ ರೀ, ಖಾಲಿ ಇದೆ" ಅಂದ ಮೇಲೇ ನಾನು ಹೊರಗೆ ಎಳೆಯುವುದು. ಒಬ್ಬನೇ ಇದ್ದರೆ ಲಾರಿ ಹಿಂದೆಯೇ ಹೋಗುತ್ತೇನೆ. ವೈಪರ್ ಕೈಯಲ್ಲೇ ಆಡಿಸಬೇಕು. ಆಷಾಢದ ಮಳೆಯಲ್ಲಿ ಹೊರಗೆ ತೆಗೆಯುವುದಿಲ್ಲ.

ಒಂದು ಎಚ್ಚರಿಕೆ. ಎಡಗಡೆ ಚಕ್ರದ ನಟ್‌ಗಳಿಗೆ ಉಲ್ಟಾ ಥ್ರೆಡ್, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಪಂಕ್ಚರ್ ಅಂಗಡಿಯ ಹುಡುಗ ಗೊತ್ತಿಲ್ಲದೆ ಸ್ಪ್ಯಾನರಿನ ಮೇಲೆ ಹತ್ತಿ ನಿಂತು ಎರಡು ಸ್ಟಡ್ ಮುರಿದ. ಹೇಳದೆ ಇದ್ದದ್ದು ನಾನು, ಅವನನ್ನು ಬೈಯಲಿಲ್ಲ.

ವರ್ಷಕ್ಕೆ ನನಗೆ ಸುಮಾರು ನಲವತ್ತು ಸಾವಿರ ಖರ್ಚು. 2021ರಲ್ಲಿ ಬಂದ ನಿಯಮದಂತೆ 50 ವರ್ಷ ದಾಟಿದ ಗಾಡಿಗೆ 20,000 ರೂಪಾಯಿ ಕಟ್ಟಿ ವಿಂಟೇಜ್ ನೋಂದಣಿ ಮಾಡಿಸಬಹುದು. ಹಾಗೆ ಮಾಡಿಸಿದರೆ ದಿನದ ಓಡಾಟಕ್ಕೆ ಬಳಸುವಂತಿಲ್ಲ. ನನಗೆ ಸಂತೆಗೂ ಹೋಗಬೇಕು, ಅದಕ್ಕೆ ಮಾಡಿಸಿಲ್ಲ.

ನೋಡಲು ಹೋಗುವಾಗ ಟಾರ್ಚ್, ವೈರ್ ಬ್ರಶ್, ಡೀಸೆಲ್ ಬಟ್ಟೆ ಜೊತೆಗಿರಲಿ. ಮಾರುವವರು ಉಜ್ಜಲು ಬಿಡದಿದ್ದರೆ ವಾಪಸ್ ಬನ್ನಿ. ಇದು ಬೆರಕೆ ಅಂತ ಆವತ್ತೇ ಗೊತ್ತಿದ್ದರೆ ನಾನು ಮೂರೂವರೆ ಲಕ್ಷದ ಮೇಲೆ ಕೊಡುತ್ತಿರಲಿಲ್ಲ. ಆದರೆ ಇದೇ ಜೀಪನ್ನೇ ತಗೊಳ್ಳುತ್ತಿದ್ದೆ.

ಮುಂದಿನ ತಿಂಗಳು ಬ್ರೇಕ್ ಕೆಲಸ ಇದೆ, ನಾಲ್ಕೂ ಚಕ್ರ ಬಿಚ್ಚಬೇಕು. ಡ್ರಮ್ಮಿನ ಹಿಂದಿನ ಬೋಲ್ಟ್‌ಗಳನ್ನು ನಾನು ಇನ್ನೂ ಉಜ್ಜಿ ನೋಡಿಲ್ಲ.